ಹಳೆಯ ಕಾರಿನ ದೀಪ ಮಂಕಾದರೆ ಮಾಡಬೇಕಾದುದೇನು?



ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ವಲಯದ ಹಳ್ಳಿಯೊಂದರಲ್ಲಿ ರಾತ್ರಿ ಸಭೆ ಮುಗಿಸಿ ಉಳಿದುಕೊಂಡಿದ್ದೆ. ಸುಮಾರು ಹನ್ನೊಂದು ಗಂಟೆಗೆ ಒಂದು ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕಾದು ಕೂರುವಷ್ಟು ಹೊತ್ತಿರಲಿಲ್ಲ. ಊರಿನಲ್ಲಿದ್ದ ಒಂದೇ ಒಂದು ಹಳೆಯ ಕಾರನ್ನು ಹೊರಡಿಸಿದರು. ತಾಲ್ಲೂಕು ಆಸ್ಪತ್ರೆಗೆ ಹದಿನೆಂಟು ಕಿಲೋಮೀಟರ್ ದಾರಿ. ಕಾರಿನ ಎಂಜಿನ್ ಚೆನ್ನಾಗಿತ್ತು; ಚಕ್ರಗಳೂ ಚೆನ್ನಾಗಿದ್ದವು. ಆದರೆ ಮುಂದಿನ ದೀಪಗಳು ಚಿಮಣಿ ಬುಡ್ಡಿಯಂತೆ ಕೆಂಪಗೆ ಉರಿಯುತ್ತಿದ್ದವು. ಆ ಹುಡುಗಿಯ ಅಣ್ಣ ಕಿಟಕಿಯಿಂದ ಕೈ ಹೊರಚಾಚಿ ಬ್ಯಾಟರಿ ಬಿಟ್ಟುಕೊಂಡು ದಾರಿ ತೋರಿಸಿದ. ಹದಿನೆಂಟು ಕಿಲೋಮೀಟರ್ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ದೇವರ ದಯೆ, ತಾಯಿ ಮಗು ಇಬ್ಬರೂ ಕ್ಷೇಮ.

ಮರುದಿನ ಕಾರಿನ ಯಜಮಾನರನ್ನು ವಿಚಾರಿಸಿದೆ. “ಬಲ್ಬು ಬದಲಾಯಿಸಿ ಹದಿನೈದು ದಿನ ಆಗಿಲ್ಲ ಸ್ವಾಮಿ. ಈ ಬಲ್ಬುಗಳೇ ಸರಿಯಿಲ್ಲ, ಇನ್ನೂ ದೊಡ್ಡ ಬಲ್ಬು ಹಾಕಿಸ್ತೀನಿ” ಎಂದರು. ಹಾಗೆಯೇ ನೂರು ವ್ಯಾಟಿನ ಬಲ್ಬು ಹಾಕಿಸಿದರು. ನಾಲ್ಕನೆಯ ದಿನ ಸ್ಟೀರಿಂಗಿನ ಕೆಳಗಿನಿಂದ ಹೊಗೆ ಬಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ರೋಗ ಬಲ್ಬಿನಲ್ಲಿರಲಿಲ್ಲ, ಬಲ್ಬಿಗೆ ಹೋಗುವ ದಾರಿಯಲ್ಲಿತ್ತು.

ನಾನು ಬೇಸಾಯದ ಡಿಪ್ಲೊಮಾ ಓದಿದವನು, ಮೋಟಾರಿನ ಕೆಲಸ ಕಲಿತವನಲ್ಲ. ಆದರೆ ಆ ಕಾರನ್ನು ಪೇಟೆಯ ಎಲೆಕ್ಟ್ರಿಕಲ್ ಮೇಸ್ತ್ರಿಯವರು ರಿಪೇರಿ ಮಾಡುವಾಗ ಇಡೀ ದಿನ ಪಕ್ಕದಲ್ಲಿ ನಿಂತು ನೋಡಿದೆ, ಕೇಳಿ ತಿಳಿದುಕೊಂಡೆ. ಅಲ್ಲಿಂದ ಮುಂದೆ ಎರಡು ಜೀಪು, ಒಂದು ಟ್ರ್ಯಾಕ್ಟರಿನ ದೀಪಗಳನ್ನು ಅದೇ ಕ್ರಮದಲ್ಲಿ ಪರೀಕ್ಷಿಸಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಅಂಬಾಸಡರ್ ಕಾರು, ಹಳೆಯ ಜೀಪು, ಹಳೆಯ ಟ್ರ್ಯಾಕ್ಟರು ಇನ್ನೂ ಓಡುತ್ತಿರುವುದರಿಂದ ಈ ವಿಷಯವನ್ನು ಎಲ್ಲರೂ ತಿಳಿದಿರುವುದು ಅವಶ್ಯ.

ಮಂಕು ದೀಪದ ಅಪಾಯ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಅಡ್ಡ ಬಂದುದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡಾದರೂ ಬೇಕು. ಬ್ರೇಕ್ ಹಾಕಿದ ಮೇಲೆ ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಇನ್ನು 20 ಮೀಟರಿಗೂ ಹೆಚ್ಚು ದೂರ ಜಾರಿ ನಿಲ್ಲುತ್ತದೆ. ಎಂದರೆ 40 ಮೀಟರ್ ದೂರ ಕಾಣದ ಕಾರು ಆ ವೇಗದಲ್ಲಿ ಕಣ್ಣು ಕಟ್ಟಿಕೊಂಡು ಓಡಿದಂತೆಯೇ. ನಮ್ಮ ರಸ್ತೆಗಳಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರೈಲರು, ಎತ್ತಿನ ಗಾಡಿ, ಮಲಗಿದ ದನ, ರಾಗಿ ಒಕ್ಕಲು ಹರಡಿದ ರಸ್ತೆ, ಎಲ್ಲವೂ ಇರುತ್ತವೆ. ಆದುದರಿಂದ ದೀಪದ ರಿಪೇರಿಯನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡಬಾರದು.

ವಿದ್ಯುತ್ತು ನಾಲೆಯ ನೀರಿನಂತೆ

ನಾಲೆಯ ತೂಬಿನಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಕೊನೆಯ ಗದ್ದೆಗೆ ನೀರು ಹತ್ತದಿರುವುದನ್ನು ನೀವು ಕಂಡಿದ್ದೀರಿ. ಕಾಲುವೆಯಲ್ಲಿ ಹೂಳು, ಕಳೆ, ಒಡಕು ಇದ್ದರೆ ಹಾಗಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಪಂಪ್‌ಸೆಟ್ಟಿಗೆ ವೋಲ್ಟೇಜ್ ಸಾಲದೆ ಮೋಟಾರು ಮುಲುಗುವುದೂ ನಿಮಗೆ ಗೊತ್ತಿದೆ. ಕಾರಿನ ದೀಪದ ಕಥೆಯೂ ಇದೇ.

ಈ ಕಾರುಗಳ ಬ್ಯಾಟರಿ 12 ವೋಲ್ಟಿನದು. ಅದರ ವಿದ್ಯುತ್ತು ವೈರು, ಫ್ಯೂಸು, ಸ್ವಿಚ್ಚು, ಜೋಡಣೆಗಳನ್ನು ದಾಟಿ ಬಲ್ಬನ್ನು ಸೇರುತ್ತದೆ. ಪ್ರತಿಯೊಂದು ಜೋಡಣೆಯಲ್ಲಿ ತುಕ್ಕು, ಕಿಲುಬು, ಸಡಿಲ ಇದ್ದರೆ ಅಲ್ಲಲ್ಲಿಯೇ ಸ್ವಲ್ಪ ಸ್ವಲ್ಪ ವೋಲ್ಟೇಜ್ ನಷ್ಟವಾಗುತ್ತದೆ. ಈ ನಷ್ಟ ನೋಡಲು ಅಲ್ಪ, ಪರಿಣಾಮ ಮಾತ್ರ ದೊಡ್ಡದು. ಬಲ್ಬಿಗೆ ಸಿಗುವ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಸುಮಾರು ಹತ್ತರಲ್ಲಿ ಮೂರು ಪಾಲು ಕಡಿಮೆಯಾಗುತ್ತದೆ. ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಅರ್ಧವೂ ಉಳಿಯುವುದಿಲ್ಲ. ಬಲ್ಬು ಹೊಸದಾದರೂ ಕೆಂಪಗೆ ಉರಿಯುವುದು ಇದರಿಂದಲೇ.

ಇನ್ನೊಂದು ಮಾತನ್ನು ಮರೆಯಬಾರದು. ವಿದ್ಯುತ್ತಿಗೆ ಹೋಗುವ ದಾರಿಯಷ್ಟೇ ಹಿಂದಿರುಗುವ ದಾರಿಯೂ ಮುಖ್ಯ. ಕಾರಿನಲ್ಲಿ ಹಿಂದಿರುಗುವ ದಾರಿಗೆ ಪ್ರತ್ಯೇಕ ವೈರನ್ನು ಪೂರ್ತಿ ಎಳೆದಿರುವುದಿಲ್ಲ. ಕಾರಿನ ಕಬ್ಬಿಣದ ಮೈಯೇ ಆ ದಾರಿ. ಇದಕ್ಕೆ ಮೇಸ್ತ್ರಿಗಳು ಅರ್ತ್ ಎನ್ನುತ್ತಾರೆ. ಕಾರು ಹಳೆಯದಾಗಿ ಮೈ ತುಕ್ಕು ಹಿಡಿದಂತೆ ಈ ದಾರಿಯೇ ಮೊದಲು ಕೆಡುತ್ತದೆ. ಆದರೆ ಜನರು ಕೊನೆಗೆ ನೋಡುವುದು ಇದನ್ನೇ.

ಮೊದಲು ಲಕ್ಷಣ ನೋಡಿ

ದನಕ್ಕೆ ಕಾಯಿಲೆ ಬಂದರೆ ಲಕ್ಷಣ ನೋಡದೆ ಔಷಧಿ ಕೊಡುವುದಿಲ್ಲವಷ್ಟೆ. ಹಾಗೆಯೇ ಸಂಜೆಗತ್ತಲಲ್ಲಿ ಕಾರನ್ನು ಗೋಡೆಯ ಎದುರಿಗೆ ನಿಲ್ಲಿಸಿ ದೀಪ ಹಾಕಿ ನೋಡಿ.

1. ಒಂದೇ ದೀಪ ಮಂಕಾಗಿದ್ದರೆ, ದೋಷ ಆ ದೀಪದ ಬಳಿಯಲ್ಲೇ ಇದೆ. ಅದರ ಅರ್ತ್, ಅದರ ಹೋಲ್ಡರು, ಅದರ ಬಲ್ಬು ನೋಡಿ.

2. ಎರಡೂ ಸದಾ ಮಂಕಾಗಿದ್ದರೆ, ಎರಡಕ್ಕೂ ಸೇರಿದ ಸ್ವಿಚ್ಚು, ವೈರು ಅಥವಾ ಬ್ಯಾಟರಿಯ ಅರ್ತ್ ಪಟ್ಟಿಯನ್ನು ನೋಡಿ.

3. ಎಂಜಿನ್ ನಿಧಾನವಾಗಿರುವಾಗ ಮಂಕಾಗಿ, ವೇಗ ಕೊಟ್ಟಾಗ ಬೆಳಗಿದರೆ ಬ್ಯಾಟರಿ, ಫ್ಯಾನ್ ಬೆಲ್ಟು, ಡೈನಮೊ ಅಥವಾ ಆಲ್ಟರ್ನೇಟರನ್ನು ನೋಡಿ.

4. ಹಳ್ಳ ಬಿದ್ದಾಗ ಆರಿ ಹತ್ತಿದರೆ ಎಲ್ಲೋ ಜೋಡಣೆ ಸಡಿಲವಾಗಿದೆ.

5. ಇಂಡಿಕೇಟರ್ ಹಾಕಿದಾಗ ಅದೇ ಕಡೆಯ ಇತರ ದೀಪಗಳೂ ಮಿಣುಕಿದರೆ ಆ ಕಡೆಯ ಅರ್ತ್ ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಬ್ಯಾಟರಿಯಿಂದ ಆರಂಭಿಸಿ

ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್ ಊರಿಗೊಂದಿದ್ದರೆ ಸಾಕು. ಅದನ್ನು 20 ವೋಲ್ಟ್ ಡಿ.ಸಿ. ಗುರುತಿಗೆ ತಿರುಗಿಸಿ. ರಾತ್ರಿಯೆಲ್ಲಾ ನಿಂತಿದ್ದ ಕಾರಿನ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮುಟ್ಟಿಸಿ ನೋಡಿ. 12.6 ವೋಲ್ಟಿನ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಸುಮಾರು ಅರ್ಧ ಉಳಿದಿದೆ. 12ಕ್ಕಿಂತ ಕೆಳಗಿದ್ದರೆ ಬಹಳಮಟ್ಟಿಗೆ ಬರಿದಾಗಿದೆ.

ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ವೈರುಗಳನ್ನು ಬಿಚ್ಚಿ ಶುಚಿ ಮಾಡಬೇಕು. ಬಿಚ್ಚುವಾಗ ಅರ್ತ್ ವೈರನ್ನು ಮೊದಲು ಬಿಚ್ಚಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ಹೀಗೆ ಮಾಡಿದರೆ ಸ್ಪ್ಯಾನರು ಕಾರಿನ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಸಾಮಾನ್ಯವಾಗಿ ಮೈನಸ್ ಕಡೆ ಅರ್ತ್ ಆಗಿರುತ್ತದೆ. ಬಹಳ ಹಳೆಯ ಕೆಲವು ಕಾರುಗಳಲ್ಲಿ ಪ್ಲಸ್ ಕಡೆಯನ್ನು ಅರ್ತ್ ಮಾಡಿರುವುದುಂಟು. ಆದುದರಿಂದ ಕಾರಿನ ಮೈಗೆ ಹೋಗುವ ವೈರು ಯಾವುದೆಂದು ಕಣ್ಣಿಂದ ನೋಡಿಯೇ ಕೈಹಾಕಿ. ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ಟರ್ಮಿನಲ್ಲನ್ನು ತೊಳೆದು ಒರೆಸಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಅನಂತರ ಹೊಳಪು ಬರುವಂತೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಿ. ಕೊಳವೆ ಬಾವಿಯ ನೀರಿನಲ್ಲಿರುವ ಲವಣ ಬ್ಯಾಟರಿಯನ್ನು ಕೆಡಿಸುತ್ತದೆ. ಇಳಿದ ಮಟ್ಟವನ್ನು ತುಂಬಿಸಲು ಆಸಿಡ್ ಹಾಕಲೇಬಾರದು. ಬ್ಯಾಟರಿಯಿಂದ ಬರುವ ಗಾಳಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ಬೀಡಿ ಸೇದುತ್ತಾ, ಕಡ್ಡಿ ಗೀರಿ ನೋಡುತ್ತಾ ಕೆಲಸ ಮಾಡಬೇಡಿ. ಕೈಯ ಉಂಗುರ, ಬಳೆ ತೆಗೆದಿಡಿ.

ಚಾರ್ಜ್ ಆಗುತ್ತಿದೆಯೇ?

ಎಂಜಿನ್ ಚಾಲೂ ಮಾಡಿ, ಸ್ವಲ್ಪ ವೇಗ ಕೊಟ್ಟು ಬ್ಯಾಟರಿಯ ಮೇಲೆಯೇ ಮೀಟರ್ ಹಿಡಿಯಿರಿ. 13.8ರಿಂದ 14.4 ವೋಲ್ಟ್ ತೋರಿಸಿದರೆ ಸರಿ. 13ನ್ನು ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. ರಾತ್ರಿ ದೀಪ ಹಾಕಿಕೊಂಡು ಹೋದಂತೆಲ್ಲಾ ಬ್ಯಾಟರಿ ಬರಿದಾಗುತ್ತದೆ. 15ನ್ನು ದಾಟಿದರೆ ಅತಿಯಾಗಿ ಚಾರ್ಜ್ ಆಗುತ್ತಿದೆ. ಬ್ಯಾಟರಿಯ ನೀರು ಕುದಿದು ಇಳಿಯುತ್ತದೆ, ಬಲ್ಬುಗಳು ಬೇಗ ಸುಡುತ್ತವೆ. ‘ಬಲ್ಬು ನಿಲ್ಲುವುದೇ ಇಲ್ಲ’ ಎಂದು ದೂರುವವರು ಇದನ್ನು ತಪ್ಪದೆ ನೋಡಿಸಬೇಕು.

ಚಾರ್ಜ್ ಸಾಲದಿದ್ದರೆ ಮೊದಲು ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ನೋಡಿ. ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಾಗಬೇಕು. ಅದಕ್ಕಿಂತ ಬಹಳ ಸಡಿಲವಾಗಿದ್ದರೆ, ಎಣ್ಣೆ ಹತ್ತಿ ಜಾರುತ್ತಿದ್ದರೆ ಡೈನಮೊ ಸರಿಯಾಗಿ ತಿರುಗುವುದಿಲ್ಲ. ಹಳೆಯ ಡೈನಮೊ ಕಾರುಗಳಲ್ಲಿ ಎಂಜಿನ್ ನಿಧಾನವಾಗಿರುವಾಗ ಕೆಂಪು ದೀಪ ಮಿನುಗುವುದು ಸಹಜ. ವೇಗ ಕೊಟ್ಟಾಗಲೂ ಆರದಿದ್ದರೆ ದೋಷವಿದೆ. ಬೆಲ್ಟ್ ಸರಿಯಿದ್ದೂ ಚಾರ್ಜ್ ಇಲ್ಲವಾದರೆ ಅದು ಮೇಸ್ತ್ರಿಯ ಕೆಲಸ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ಪರೀಕ್ಷೆ ಮಾಡುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ಅದು ಸುಟ್ಟುಹೋಗಬಹುದು.

ನಷ್ಟ ಎಲ್ಲಿ ಆಗುತ್ತಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಮೇಸ್ತ್ರಿಯವರು ಇದನ್ನು ತೋರಿಸಿದಾಗ, ಇಷ್ಟು ಸುಲಭವಾದುದನ್ನು ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎನಿಸಿತು.

ಬಲ್ಬು ಅದರ ಹೋಲ್ಡರಿನಲ್ಲೇ ಇರಲಿ, ದೀಪ ಹತ್ತಿರಲಿ. ಮೈನಸ್ ಅರ್ತ್ ಇರುವ ಕಾರಿನಲ್ಲಿ ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ, ಕಪ್ಪು ಕಡ್ಡಿಯನ್ನು ಬಲ್ಬಿನ ಹಿಂದೆ ವಿದ್ಯುತ್ತು ಬರುವ ವೈರಿನ ತುದಿಗೆ ಮುಟ್ಟಿಸಿ. ಮೀಟರ್ ತೋರಿಸುವುದು ಹೋಗುವ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅನಂತರ ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೂ ಬಲ್ಬಿನ ಅರ್ತ್ ವೈರಿನ ತುದಿಗೂ ಕಡ್ಡಿಗಳನ್ನು ಮುಟ್ಟಿಸಿ. ಇದು ಹಿಂದಿರುಗುವ ದಾರಿಯ ನಷ್ಟ. ಇದು 0.2, 0.3 ವೋಲ್ಟನ್ನು ಮೀರಬಾರದು.

ಆ ಹಳ್ಳಿಯ ಕಾರಿನಲ್ಲಿ ಹೋಗುವ ದಾರಿಯಲ್ಲಿ 1.4 ವೋಲ್ಟ್, ಹಿಂದಿರುಗುವ ದಾರಿಯಲ್ಲಿ 1.1 ವೋಲ್ಟ್ ಕಳೆದುಹೋಗುತ್ತಿತ್ತು. ಒಟ್ಟು ಎರಡೂವರೆ ವೋಲ್ಟ್! 12 ವೋಲ್ಟಿನಲ್ಲಿ ಐದರಲ್ಲಿ ಒಂದು ಪಾಲಿಗೂ ಹೆಚ್ಚು ದಾರಿಯಲ್ಲೇ ಸೋರಿಹೋದ ಮೇಲೆ ಬಲ್ಬು ಏನು ಮಾಡೀತು?

ಅರ್ತ್ ಸರಿಪಡಿಸುವುದು

ದೀಪದ ಹಿಂದಿನಿಂದ ಹೊರಟ ಕಪ್ಪು ವೈರು ಕಾರಿನ ಮೈಗೆ ಸ್ಕ್ರೂ ಹಾಕಿ ಬಿಗಿದಿರುವ ಜಾಗವನ್ನು ಹುಡುಕಿ. ಬಹುತೇಕ ಅಲ್ಲಿ ಬಣ್ಣ, ಕೆಸರು, ತುಕ್ಕು ಸೇರಿಕೊಂಡಿರುತ್ತವೆ. ಸ್ಕ್ರೂ ಬಿಚ್ಚಿ, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಯನ್ನೂ ಉಜ್ಜಿ, ಬಿಗಿದು ವ್ಯಾಸಲಿನ್ ಸವರಿ. ತುಕ್ಕು ತಿಂದ ತಗಡನ್ನು ನೆಚ್ಚದೆ, ಎರಡೂ ದೀಪಗಳಿಂದ ದಪ್ಪ ವೈರು ಎಳೆದು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೇ ಸೇರಿಸಿದರೆ ಇನ್ನೂ ಉತ್ತಮ. ಬ್ಯಾಟರಿಯಿಂದ ಕಾರಿನ ಮೈಗೆ, ಎಂಜಿನಿನಿಂದ ಮೈಗೆ ಹೋಗುವ ದಪ್ಪ ಪಟ್ಟಿಗಳ ಎರಡು ತುದಿಗಳನ್ನೂ ಇದೇ ರೀತಿ ಶುಚಿ ಮಾಡಿ. ಇದಕ್ಕೆ ಆಗುವ ಖರ್ಚು ಉಪ್ಪುಕಾಗದ ಮತ್ತು ವೈರಿನದು ಮಾತ್ರ.

ಸ್ವಿಚ್ಚು ಮತ್ತು ರಿಲೇ

ಇಂತಹ ಅನೇಕ ಹಳೆಯ ಕಾರುಗಳಲ್ಲಿ ಎರಡೂ ದೀಪಗಳ ವಿದ್ಯುತ್ತು ಪೂರ್ತಿಯಾಗಿ ದೀಪದ ಸ್ವಿಚ್ಚಿನ ಮೂಲಕವೂ ಡಿಮ್ ಡಿಪ್ ಸ್ವಿಚ್ಚಿನ ಮೂಲಕವೂ ಹಾಯ್ದು ಹೋಗಬೇಕು. 55 ವ್ಯಾಟಿನ ಎರಡು ಬಲ್ಬುಗಳಿಗೆ ಸುಮಾರು 9 ಆಂಪಿಯರ್ ಬೇಕು. ವರ್ಷಗಟ್ಟಲೆ ಇಷ್ಟು ಹೊರೆ ಹೊತ್ತ ಸ್ವಿಚ್ಚಿನ ಒಳಗಿನ ತಾಮ್ರ ಸುಟ್ಟು ಕಪ್ಪಾಗುತ್ತದೆ. ಕಾಲಿನಿಂದ ಒತ್ತುವ ಡಿಪ್ ಸ್ವಿಚ್ಚಿಗಂತೂ ಚಪ್ಪಲಿಯ ಮಣ್ಣು, ಮಳೆನೀರು ಎಲ್ಲವೂ ಸೇರುತ್ತದೆ. ದೀಪ ಹಾಕಿ ಹತ್ತು ನಿಮಿಷದ ಮೇಲೆ ಸ್ವಿಚ್ಚನ್ನೂ ವೈರಿನ ಜೋಡಣೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬಿಸಿಯಾದ ಜಾಗವೇ ನಷ್ಟದ ಜಾಗ. ನೂರು ವ್ಯಾಟಿನ ಬಲ್ಬು ಹಾಕಿದಾಗ ನಮ್ಮ ಯಜಮಾನರ ಕಾರಿನಲ್ಲಿ ಹೊಗೆ ಬಂದದ್ದು ಇಂತಹ ಸ್ವಿಚ್ಚಿನಿಂದಲೇ. ಆಗಲೇ ಬಳಲಿದ್ದ ಎತ್ತಿನ ಮೇಲೆ ಎರಡರಷ್ಟು ಹೇರು ಹೇರಿದಂತಾಗಿತ್ತು.

ಇದಕ್ಕೆ ಒಳ್ಳೆಯ ಉಪಾಯವೆಂದರೆ ರಿಲೇ ಹಾಕಿಸುವುದು. ರಿಲೇ ಎಂದರೆ ತೂಬಿನ ಬಾಗಿಲಿದ್ದಂತೆ. ಹಳೆಯ ಸ್ವಿಚ್ಚು ಆ ಬಾಗಿಲನ್ನು ಎತ್ತುವ ಸಣ್ಣ ಕೆಲಸವನ್ನಷ್ಟೇ ಮಾಡುತ್ತದೆ; ದೊಡ್ಡ ಹರಿವು ಬ್ಯಾಟರಿಯಿಂದ ನೇರವಾಗಿ, ದಪ್ಪ ವೈರಿನ ಮೂಲಕ ದೀಪಕ್ಕೆ ಹೋಗುತ್ತದೆ. ರಿಲೇಯ ಮೇಲೆ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ವೈರು, 87ಕ್ಕೆ ದೀಪಕ್ಕೆ ಹೋಗುವ ವೈರು, 86ಕ್ಕೆ ಹಳೆಯ ಸ್ವಿಚ್ಚಿನ ವೈರು, 85ಕ್ಕೆ ಅರ್ತ್. ಎತ್ತರದ ಬೆಳಕಿಗೆ ಒಂದು, ತಗ್ಗಿನ ಬೆಳಕಿಗೆ ಒಂದು, ಹೀಗೆ ಎರಡು ರಿಲೇ ಬೇಕು. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ವೈರಿಂಗ್ ಬಲ್ಲವರ ಕೈಯಿಂದ ಈ ಕೆಲಸ ಮಾಡಿಸಿ. ಫ್ಯೂಸು ಹಾಕಿದ್ದಾರೆಯೇ ಎಂದು ಕೇಳಿ ನೋಡಿಕೊಳ್ಳಿ.

ದೀಪದ ಬುರುಡೆ

ಇಷ್ಟೆಲ್ಲಾ ಸರಿಯಾಗಿ ವೋಲ್ಟೇಜ್ ಪೂರ್ತಿ ಸಿಕ್ಕಿದರೂ ಬೆಳಕು ಸಾಲದಿದ್ದರೆ ಆಗ ದೀಪವನ್ನೇ ನೋಡಬೇಕು. ಬಲ್ಬಿನ ಹಿಂದಿನ ಕನ್ನಡಿಯಂತಹ ಬಟ್ಟಲು ಕಪ್ಪಾಗಿ ತುಕ್ಕು ಹಿಡಿದಿದ್ದರೆ ಯಾವ ಬಲ್ಬು ಹಾಕಿದರೂ ಪ್ರಯೋಜನವಿಲ್ಲ; ಆ ಭಾಗವನ್ನೇ ಬದಲಾಯಿಸಬೇಕು. ಅದನ್ನು ಬಟ್ಟೆಯಿಂದ ಉಜ್ಜಬೇಡಿ, ಹೊಳಪು ಕಿತ್ತುಬರುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಕೈಯ ಜಿಡ್ಡು ಹತ್ತಿದ ಜಾಗ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಹಳೆಯ ಬಟ್ಟಲಿಗೆ ಎಲ್.ಇ.ಡಿ. ಬಲ್ಬು ಸಿಕ್ಕಿಸಿದರೆ ಬೆಳಕು ರಸ್ತೆಯ ಮೇಲೆ ಬೀಳದೆ ನಾಲ್ಕೂ ಕಡೆ ಚೆದುರಿ ಎದುರಿನವರ ಕಣ್ಣು ಕುಕ್ಕುವ ಸಂಭವ ಹೆಚ್ಚು. ನಿಮಗೆ ದಾರಿ ಕಾಣಬೇಕಾದಂತೆಯೇ ಎದುರಿಗೆ ಸೈಕಲ್ಲಿನಲ್ಲಿ ಬರುವವನಿಗೂ ಕಾಣಬೇಕು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ, ದೀಪದ ಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದಿಂದ ಗುರುತು ಮಾಡಿ. ತಗ್ಗಿನ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರುವಂತೆ ದೀಪವನ್ನು ತಿರುಗಿಸಿ ಬಿಗಿಯಿರಿ.

ಇತರ ದೋಷಗಳು

ಫ್ಯೂಸು ಪದೇ ಪದೇ ಸುಡುತ್ತಿದ್ದರೆ ಎಲ್ಲೋ ವೈರಿನ ಹೊದಿಕೆ ಸವೆದು ತಾಮ್ರ ಕಾರಿನ ಮೈಗೆ ತಗುಲುತ್ತಿದೆ. ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸುವ ಕಾರಿನ ವೈರನ್ನು ಇಲಿ ಕಡಿಯುವುದೂ ಸಾಮಾನ್ಯ. ಆ ಜಾಗವನ್ನು ಹುಡುಕಿ ಸರಿಪಡಿಸಬೇಕೇ ಹೊರತು, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ, ಸಿಗರೇಟ್ ಪ್ಯಾಕಿನ ತಗಡು ಇಡಬಾರದು. ಫ್ಯೂಸು ಸುಡುವುದು ಕಾರು ಸುಡದಿರಲೆಂದು. ಅದನ್ನು ತಡೆದರೆ ಕಾರೇ ಸುಟ್ಟೀತು.

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ, ಒಳ್ಳೆಯ ಬ್ಯಾಟರಿಯೇ ಆಗಿದ್ದಲ್ಲಿ, ಎಲ್ಲೋ ಸೋರಿಕೆಯಿದೆ. ಎಲ್ಲ ಸ್ವಿಚ್ಚು ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ವೈರು ಬಿಚ್ಚಿ, ಆ ವೈರಿಗೂ ಟರ್ಮಿನಲ್ಲಿಗೂ ನಡುವೆ ಒಂದು ಸಣ್ಣ 12 ವೋಲ್ಟ್ ಬಲ್ಬನ್ನು ಸೇರಿಸಿ. ಬಲ್ಬು ಹತ್ತಿದರೆ ವಿದ್ಯುತ್ತು ಹರಿಯುತ್ತಿದೆ ಎಂದರ್ಥ. ಒಂದೊಂದೇ ಫ್ಯೂಸು ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಬಲ್ಬು ಆರುವುದೋ ಆ ದಾರಿಯಲ್ಲಿ ದೋಷವಿದೆ. ಯಾವ ಫ್ಯೂಸು ತೆಗೆದರೂ ಆರದಿದ್ದರೆ ಫ್ಯೂಸಿಲ್ಲದ ವೈರುಗಳನ್ನೂ ಆಲ್ಟರ್ನೇಟರನ್ನೂ ಮೇಸ್ತ್ರಿಗೆ ತೋರಿಸಿ.

ಕೊನೆಯ ಮಾತು

ನಮ್ಮ ಯಜಮಾನರ ಕಾರಿಗೆ ಕೊನೆಗೆ ಆದ ಕೆಲಸ ಇಷ್ಟೇ: ಎರಡು ಅರ್ತ್ ಶುಚಿ ಮಾಡಿದ್ದು, ಎರಡು ರಿಲೇ ಹಾಕಿದ್ದು, ಸುಟ್ಟ ಸ್ವಿಚ್ಚು ಬದಲಾಯಿಸಿದ್ದು, ನೂರು ವ್ಯಾಟಿನ ಬಲ್ಬು ತೆಗೆದು ಮೊದಲಿದ್ದ 60/55 ವ್ಯಾಟಿನ ಬಲ್ಬುಗಳನ್ನೇ ಮರಳಿ ಹಾಕಿದ್ದು. ಸಂಜೆ ದೀಪ ಹಾಕಿದಾಗ ಊರ ಮುಂದಿನ ಅರಳಿಕಟ್ಟೆಯಾಚೆ ನಿಂತಿದ್ದ ದನ ಕಾಣಿಸಿತು. ಯಜಮಾನರು ನನ್ನ ಮುಖ ನೋಡಿ, “ಅವತ್ತು ರಾತ್ರಿಯೂ ಇದೇ ಬಲ್ಬು ಇದ್ದದ್ದು, ಅಲ್ಲವಾ ಸ್ವಾಮಿ?” ಎಂದರು. ಹೌದು, ಅದೇ ಬಲ್ಬು.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇದು. ಹೊಸ ಬಲ್ಬಿಗೆ ದುಡ್ಡು ಕೊಡುವ ಮೊದಲು ಬ್ಯಾಟರಿಯಿಂದ ಬಲ್ಬಿನವರೆಗೆ, ಬಲ್ಬಿನಿಂದ ಮತ್ತೆ ಬ್ಯಾಟರಿಯವರೆಗೆ ದಾರಿಯನ್ನು ಕ್ರಮವಾಗಿ ಪರೀಕ್ಷಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಬ್ಬು ಸಾಗಿಸುವ ಕಾಲಕ್ಕೆ ಮುಂಚೆ ಒಮ್ಮೆ, ವರ್ಷಕ್ಕೆ ಎರಡು ಸಂಜೆ ಇದಕ್ಕೆಂದು ಮೀಸಲಿಡಿ. ಊರಿನ ಕಾರು ಒಬ್ಬ ಯಜಮಾನನದೇ ಇರಬಹುದು. ಆದರೆ ನಡುರಾತ್ರಿಯಲ್ಲಿ ಅದರ ಬಾಗಿಲು ತಟ್ಟುವವರು ಊರಿನವರೆಲ್ಲರೂ. ಅದರ ದೀಪವನ್ನು ಉರಿಯುವಂತೆ ಇಟ್ಟುಕೊಳ್ಳುವುದು ಊರಿನವರೆಲ್ಲರ ಹೊಣೆ.